ಪಕ್ಕದ ಅರ್ಧವು ನನ್ನ ಮಾತಿಗೆಲ್ಲ ಹೂಂಗುಟ್ಟುತ್ತಿರುವ ಕುರಿತು

ನಮ್ಮ ಮುಂಗೋಣೆಯ ಕಂಪ್ಯೂಟರಿನಲ್ಲಿ ಬಿಡಾರ ಹೂಡಿರುವ,
ಯಾರ ಕೈಗೆ ಹೇಗೆ ಬೇಕೋ ಹಾಗೆ ಒಗ್ಗುತ್ತಾರೆಂದು ಹೆಸರಾದ,
ಬರವಣಿಗೆಯ ಎಡಿಟರ್ ಮಹಾಶಯರ ಸನ್ನಿಧಿಗೆ

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಹಾಗಲ್ಲದಿದ್ದರೆ ಬೆಳಿಗ್ಗೆ ಸ್ವಿಚ್ ಒತ್ತಿದ ಕೂಡಲೇ ಪರದೆಯ ಅಡಿಯಲ್ಲಿ ಒಂದು ಕೆಂಪು ಸಾಲು ಬರೆದು ನನ್ನನ್ನೇ ಅದಕ್ಕೆ ಹೊಣೆ ಮಾಡುವ ಸೌಜನ್ಯ ತಮಗಿದೆ ಎಂಬುದನ್ನು ಅನುಭವದಿಂದ ಬಲ್ಲೆ. ತಮ್ಮ ಮೇಲಿನ ಈ ದೂರನ್ನು ತಮ್ಮಲ್ಲೇ ಕುಳಿತು, ತಮ್ಮದೇ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ. ತಾವೋ ಹುಬ್ಬು ಗಂಟಿಕ್ಕದೆ ಒಂದೊಂದು ಅಕ್ಷರವನ್ನೂ ಒಪ್ಪಿಸಿಕೊಳ್ಳುತ್ತಿದ್ದೀರಿ. ಇಂಥ ಸಹನೆ ಮನುಷ್ಯರಲ್ಲಿ ಕಾಣಸಿಗುವುದು ಕಷ್ಟ. ನನ್ನ ದೂರು ಇರುವುದೂ ಹೆಚ್ಚುಕಡಿಮೆ ಅದರ ಬಗ್ಗೆಯೇ.

ಮೊದಲು ನನ್ನ ಪರಿಚಯ. ನಾನು ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವವಳು. ಹೊಸ ಬಟ್ಟೆ ಹೊಲಿಯುವ ದೊಡ್ಡ ಟೈಲರ್ ಅಲ್ಲ; ಯಾರೋ ಹೊಲಿದದ್ದು ಇನ್ಯಾರಿಗೋ ಹಿಡಿಸದೆ ಹೋದಾಗ ಸೊಂಟ ಹಿಗ್ಗಿಸುವುದು, ತೋಳು ಕುಗ್ಗಿಸುವುದು, ಪ್ಯಾಂಟಿನ ತುದಿ ಮಡಚುವುದು, ಜಿಪ್ ಬದಲಿಸುವುದು, ಗುಂಡಿ ಹಚ್ಚುವುದು ನಮ್ಮ ಕೆಲಸ. ನಮ್ಮ ಎಂದರೆ ನನ್ನದು ಮತ್ತು ಅಕ್ಕನದು. ಮನೆಯ ಮುಂಗೋಣೆಯೇ ಅಂಗಡಿ. ಒಳಗೆ ಅಕ್ಕ, ಭಾವ, ಅವರ ಮಗಳು ಮತ್ತು ನಾನು. ಭಾವ ಸಿಟಿ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತರಾದವರು. ಮಗಳು ಪಠ್ಯಪುಸ್ತಕಗಳನ್ನು ಅಚ್ಚುಹಾಕುವ ಕಡೆ ಕರಡು ತಿದ್ದುವ ಕೆಲಸದಲ್ಲಿದ್ದಾಳೆ. ನನ್ನ ಓದು ಹೈಸ್ಕೂಲಿಗೆ ನಿಂತದ್ದು. ಆದ್ದರಿಂದ ಈ ಪತ್ರದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಅಕ್ಕನಿಗೂ ನನಗೂ ಒಂದು ಅಭ್ಯಾಸವಿತ್ತು. ಇಬ್ಬರದೂ ಸೇರಿ ಒಂದೇ ದಿನಚರಿ. ಪುಸ್ತಕ ಬಿಚ್ಚಿದರೆ ಬಲಗಡೆಯ ಪುಟ ನನ್ನದು, ಎಡಗಡೆಯದು ಅವಳದು. ಸಂಜೆ ಅಂಗಡಿ ಮುಚ್ಚಿದ ಮೇಲೆ ಆ ದಿನ ನಡೆದದ್ದನ್ನು ನಾನು ಬರೆಯುತ್ತಿದ್ದೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಅವಳು ಅದನ್ನು ಓದಿ, ಎದುರು ಪುಟದಲ್ಲಿ, ಅದು ಹಾಗಲ್ಲ ಎಂದು ಬರೆಯುತ್ತಿದ್ದಳು. ನಾನು ‘ಇವತ್ತು ಗಿರಾಕಿಗಳೇ ಬರಲಿಲ್ಲ’ ಎಂದು ಬರೆದರೆ ಅವಳು, ‘ಬಂದಿದ್ದರು. ನೀನು ನಿದ್ದೆ ಮಾಡುತ್ತಿದ್ದೆ.’ ನಾನು ‘ಅಡುಗೆ ರುಚಿಯಾಗಿತ್ತು’ ಎಂದರೆ ಅವಳು, ‘ಉಪ್ಪು ಜಾಸ್ತಿ. ಮಾಡಿದವಳೇ ಹೊಗಳಿಕೊಂಡರೆ ಉಳಿದವರು ಏನು ಹೇಳಬೇಕು?’ ನಾನು ‘ಎದುರುಮನೆಯಲ್ಲಿ ಜಗಳ’ ಎಂದರೆ ಅವಳು, ‘ಜಗಳವಲ್ಲ, ಅವರು ಮಾತಾಡುವುದೇ ಹಾಗೆ.’ ಒಂದು ಸಲ ಅರ್ಧ ಪುಟದ ತುಂಬ ಮನಸ್ಸಿನ ಬೇಸರವನ್ನೆಲ್ಲ ತೋಡಿಕೊಂಡಿದ್ದೆ. ಎದುರು ಪುಟದಲ್ಲಿ ಒಂದೇ ಪದವಿತ್ತು: ‘ಹಸಿವು.’

ನಮ್ಮ ಕಸುಬಿನಲ್ಲಿ ಮೊದಲು ಕಚ್ಚಾ ಹೊಲಿಗೆ ಹಾಕಿ, ಗಿರಾಕಿಗೆ ತೊಡಿಸಿ ನೋಡಿ, ಅವರು ಇಲ್ಲಿ ಬಿಗಿ ಅಲ್ಲಿ ಸಡಿಲ ಎಂದ ಮೇಲೆಯೇ ಪಕ್ಕಾ ಹೊಲಿಗೆ ಹಾಕುವುದು. ನಾನು ಬರೆದದ್ದು ಯಾವತ್ತೂ ಕಚ್ಚಾ ಹೊಲಿಗೆಯೇ ಆಗಿತ್ತು. ಅವಳು ಅಲ್ಲ ಅಂದ ಮೇಲೆಯೇ ಅದು ನಡೆದ ಸಂಗತಿಯಾಗುತ್ತಿತ್ತು.

ಅಕ್ಕ ಈಗಿಲ್ಲ. ಒಂದು ಮಧ್ಯಾಹ್ನ, ಅಂಗಡಿಯಲ್ಲೇ, ಹೊಲಿಗೆ ಮಿಷನ್ನಿನ ಮುಂದೆ ಕುಳಿತಿದ್ದ ಹಾಗೆಯೇ ಹೋದಳು. ಆವತ್ತಿನ ಪುಟವನ್ನು ನಾನು ಬರೆದಿರಲಿಲ್ಲ. ಅದನ್ನು ಬರೆಯದೆ ಮುಂದಿನ ಪುಟಕ್ಕೆ ಹೋಗುವುದು ನನ್ನಿಂದಾಗದು. ಬರೆಯೋಣವೆಂದರೆ ಎದುರಿನ ಪುಟ ಖಾಲಿಯಾಗಿ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ, ಒಂದು ಸಾಲು ಬರೆದು ಯಾರಾದರೂ ಅಲ್ಲ ಅನ್ನಲೆಂದು ಕಾಯುತ್ತೇನೆ, ಯಾರೂ ಅನ್ನುವುದಿಲ್ಲ, ಆ ಸಾಲು ನಡೆದದ್ದೋ ನಾನು ಕಟ್ಟಿದ್ದೋ ನನಗೇ ತಿಳಿಯದೆ ಹೊಡೆದು ಹಾಕುತ್ತೇನೆ. ಇದನ್ನು ನೋಡಿ ನೋಡಿ ಸಾಕಾದ ಮಗಳು ಹೇಳಿದಳು: “ಚಿಕ್ಕಮ್ಮ, ಆ ಪುಸ್ತಕ ಬಿಟ್ಟು ಕಂಪ್ಯೂಟರಲ್ಲಿ ಬರಿ. ಅಲ್ಲಿ ಎಡ ಪುಟ ಬಲ ಪುಟ ಅಂತ ಏನೂ ಇಲ್ಲ. ಉದ್ದಕ್ಕೂ ಒಂದೇ.”

ಹೀಗೆ ತಮ್ಮ ಆಗಮನವಾಯಿತು.

ತಮ್ಮನ್ನು ಕೂರಿಸಲು ಮನೆಯಲ್ಲಿದ್ದ ಜಾಗ ಒಂದೇ, ಅಕ್ಕನ ಮಿಷನ್ನಿನ ಮೇಜು. ಮಿಷನ್ನನ್ನು ಅದರ ಹೊಟ್ಟೆಯೊಳಕ್ಕೆ ಮಡಚಿ, ಮುಚ್ಚಳ ಹಾಕಿ, ಮೇಲೆ ಕಂಪ್ಯೂಟರ್ ಇಟ್ಟೆವು. ಅಡಿಯಲ್ಲಿ ಕಾಲಿನ ಪೆಡಲ್ ಹಾಗೇ ಉಳಿದಿದೆ. ಟೈಪ್ ಮಾಡಲು ಕುಳಿತರೆ ನನ್ನ ಕಾಲು ತಾನಾಗಿ ತುಳಿಯತೊಡಗುತ್ತದೆ. ಇಷ್ಟು ದಿನ ತುಳಿದರೂ ಮೇಲೆ ಒಂದು ಹೊಲಿಗೆ ಬಿದ್ದಿಲ್ಲ. ಕೈಗೆ ಇಷ್ಟೊಂದು ಕೆಲಸ ಕೊಟ್ಟ ತಾವು ಕಾಲನ್ನು ಮರೆತಿರುವುದನ್ನು ವಿನಯಪೂರ್ವಕವಾಗಿ ಗಮನಕ್ಕೆ ತರುತ್ತೇನೆ.

ಮಗಳು ತನ್ನ ಕೆಲಸಕ್ಕೂ ತಮ್ಮನ್ನೇ ನೆಚ್ಚಿಕೊಂಡವಳು. “ಇದು ಬರೀ ಬರೆಯೋ ಸಾಫ್ಟ್‌ವೇರ್ ಅಲ್ಲ ಚಿಕ್ಕಮ್ಮ. ಕೀಗಳು, ಬಣ್ಣ, ಅಕ್ಷರ, ಎಲ್ಲಾ ನಿನಗೆ ಹೇಗೆ ಬೇಕೋ ಹಾಗೆ ಮಾಡ್ಕೋಬಹುದು. ಒಂದು ಸಲ ಕೈಗೆ ಹತ್ತಿತು ಅಂದ್ರೆ ಬೇರೆ ಯಾವುದೂ ಬೇಡ ಅನಿಸುತ್ತೆ,” ಎಂದು ಸಂಬಂಧ ಕುದುರಿಸುವವಳ ಹಾಗೆ ಹೊಗಳಿದಳು. ನನಗೆ ಒಳಗೊಳಗೇ ಭಯವಾಯಿತು. ಹೇಗೆ ಬೇಕೋ ಹಾಗೆ ಎನ್ನುವವರ ಬಗ್ಗೆ ನಮ್ಮ ಕಸುಬಿನಲ್ಲಿ ಎಚ್ಚರ ಜಾಸ್ತಿ. ‘ನಿಮಗೆ ಹೇಗೆ ಸರಿ ಅನಿಸುತ್ತೋ ಹಾಗೆ ಮಾಡಿ’ ಎಂದು ಕೋಟು ಕೊಟ್ಟು ಹೋಗುವ ಗಿರಾಕಿಯೇ ಕೊನೆಗೆ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಏನೂ ಹೇಳದೆ, ಉದ್ದಕ್ಕೆ ಉಸಿರು ಬಿಡುವವನು. ನಾವು ಬಟ್ಟೆಯನ್ನು ಮನುಷ್ಯನಿಗೆ ಹೊಂದಿಸುತ್ತೇವೆ. ತಾವು ಮನುಷ್ಯನ ಕೈಗೇ ಕತ್ತರಿ ಕೊಟ್ಟು, ನನ್ನನ್ನು ನೀನೇ ಬಿಚ್ಚಿಕೋ, ನೀನೇ ಹೊಲಿದುಕೋ, ಆಮೇಲೆ ಚಳಿಯಾದರೆ ನನ್ನನ್ನು ದೂರಬೇಡ ಎನ್ನುತ್ತೀರಿ. ಇಂಥ ಅಂಗಡಿಯನ್ನು ನಾವೂ ಇಡಬಹುದಿತ್ತು, ಬುದ್ಧಿ ಹೊಳೆಯಲಿಲ್ಲ.

ಮೊದಲ ದಿನ ತಮ್ಮ ಮುಂದೆ ಕುಳಿತು, ಕೈ ಪಳಗಲೆಂದು, ‘ಇವತ್ತು ಮೋಡ ಕವಿದಿತ್ತು’ ಎಂದು ಬರೆಯಹೊರಟೆ. ಪರದೆಯ ಮೇಲೆ ಮೋಡವೂ ಕವಿಯಲಿಲ್ಲ, ಇವತ್ತೂ ಬರಲಿಲ್ಲ. ಬದಲಿಗೆ ತಾವು ಕೆಳಕ್ಕೆ ಹಾರಿದಿರಿ, ಮೇಲಕ್ಕೆ ಹಾರಿದಿರಿ, ತಮ್ಮದೇ ಸ್ವಾಗತ ಭಾಷಣದ ಒಂದೆರಡು ಸಾಲು ನುಂಗಿದಿರಿ, ಟಣ್ ಎಂದಿರಿ. ತಮ್ಮಲ್ಲಿ ಬರೆಯಬೇಕಾದರೆ ಮೊದಲು ಒಂದು ಕೀ ಒತ್ತಿ, ಈಗ ಬರೆಯುತ್ತೇನೆ, ಅಪ್ಪಣೆಯಾಗಲಿ ಎಂದು ತಿಳಿಸಬೇಕು, ಇಲ್ಲದಿದ್ದರೆ ಒತ್ತಿದ ಪ್ರತಿ ಅಕ್ಷರವನ್ನೂ ತಾವು ಒಂದೊಂದು ಆಜ್ಞೆಯೆಂದು ತಿಳಿದು ಓಡಾಡುತ್ತೀರಿ ಎಂಬುದು ನನಗೆ ಗೊತ್ತಿರಲಿಲ್ಲ. ಪೆನ್ನಿಗೆ ಹಾಗೆ ಹೇಳಿ ಅಭ್ಯಾಸವಿಲ್ಲ. ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದ ಭಾವ, “ಗೇರ್ ಹಾಕದೆ ಆಕ್ಸಿಲರೇಟರ್ ತುಳಿತಾ ಇದ್ದೀಯ ಕಣಮ್ಮಾ,” ಎಂದು ಒಳಗೆ ಹೋದರು. ಅಕ್ಕ ಹೋದ ಮೇಲೆ ಭಾವ ಆಡಿದ ಅತಿ ಉದ್ದದ ಮಾತು ಅದು. ಊಟ ಬಡಿಸಲೇ ಎಂದರೆ ಹೂಂ, ಇನ್ನೂ ಬೇಕೇ ಎಂದರೆ ಊಹೂಂ, ಇಷ್ಟರಲ್ಲೇ ಅವರ ದಿನ ಮುಗಿಯುತ್ತಿತ್ತು. ಆ ಉದ್ದದ ಮಾತಿನ ಶ್ರೇಯಸ್ಸು ತಮಗೇ ಸಲ್ಲಬೇಕು. ಅವರಿಂದ ಮಾತು ಹೊರಡಿಸಲು ನಾನೂ ಮಗಳೂ ಏನೇನೋ ಮಾಡಿ ಸೋತಿದ್ದೆವು, ನನ್ನ ದಡ್ಡತನ ಇಷ್ಟು ಉಪಯೋಗಕ್ಕೆ ಬರುತ್ತದೆಂದು ತಿಳಿದಿರಲಿಲ್ಲ.

ಇನ್ನು ತಮ್ಮ ಸೆಟ್ಟಿಂಗುಗಳ ವಿಷಯ. ತಮ್ಮನ್ನು ತಿದ್ದಬೇಕಾದರೆ ತಮಗೇ ಒಂದು ಓಲೆ ಬರೆಯಬೇಕು, ಅದನ್ನು ತಮ್ಮಲ್ಲೇ ಬರೆಯಬೇಕು, ತಮ್ಮ ಭಾಷೆಯಲ್ಲೇ ಬರೆಯಬೇಕು, ಬರೆದ ಮೇಲೆ ತಮ್ಮನ್ನು ಮುಚ್ಚಿ ಮತ್ತೆ ತೆರೆಯಬೇಕು, ಆಗ ತಾವು ಅದನ್ನು ಓದಿ, ಮನಸ್ಸಿದ್ದರೆ ತಿದ್ದಿಕೊಳ್ಳುತ್ತೀರಿ. ಅತ್ತೆಯನ್ನು ಹೀಗೆ ತಿದ್ದಿ ಗೆದ್ದ ಸೊಸೆ ಇದ್ದರೆ ಅವಳ ಕಾಲಿಗೆ ಬೀಳುತ್ತೇನೆ. ಒಂದು ಸಲ ತಾವು ತೆರೆಯಲೇ ಒಲ್ಲದೆ ಕೆಂಪು ಸಾಲು ಬರೆದುಕೊಂಡು ಕೂತಿರಿ. ಕೆಲಸದಲ್ಲಿದ್ದ ಮಗಳಿಗೆ ಫೋನ್ ಮಾಡಿದೆ. “ಬ್ರಾಕೆಟ್ ಮುಚ್ಚಿದ್ದೀಯಾ ಚಿಕ್ಕಮ್ಮ? ಆ ಬಾಗಿದ ಗೆರೆ?” ಎಂದಳು. “ತೆರೆದಿದ್ದೀನಿ,” ಎಂದೆ. “ತೆರೆದ ಮೇಲೆ ಮುಚ್ಚಬೇಕು.” “ಯಾಕೆ, ಬೆಕ್ಕು ನುಗ್ಗುತ್ತಾ?” “ಅಯ್ಯೋ ಚಿಕ್ಕಮ್ಮ, ನನ್ನ ಮೇಲಿನವರು ಇಲ್ಲೇ ಕೂತಿದ್ದಾರೆ, ಮುಚ್ಚು ಅಂದ್ರೆ ಮುಚ್ಚು!” ಮುಚ್ಚಿದೆ. ತಾವು ಏನೂ ಆಗದವರಂತೆ ಎದ್ದು ಬಂದಿರಿ. ಒಂದು ಗುಂಡಿ ಬಿಟ್ಟುಹೋಯಿತೆಂದು ಇಡೀ ಅಂಗಿ ಮುಷ್ಕರ ಹೂಡುವುದಾದರೆ ನಮ್ಮ ಊರಿನ ಗಂಡಸರಲ್ಲಿ ಅರ್ಧ ಜನ ಮನೆಯಿಂದ ಹೊರಡಲಾರರು.

ಸಾಲಿನ ಅಗಲ ಎಷ್ಟಿರಬೇಕೆಂದು ತಾವು ಕೇಳಿದ ಸಂದರ್ಭವನ್ನು ಮಗಳು ಈಗಲೂ ತನ್ನ ಗೆಳತಿಯರಿಗೆ ಹೇಳಿ ನಗುತ್ತಾಳೆ. ತಪ್ಪು ಯಾರದೆಂದು ಓದುವವರೇ ತೀರ್ಮಾನಿಸಲಿ. ಅಗಲ ಎಂದು ಕೇಳಿದರೆ ನಾನು ಏನು ಮಾಡಬೇಕು? ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಪರದೆಯನ್ನು ಅಳೆದೆ. ಹತ್ತೊಂಬತ್ತು ಇಂಚು ಬಂತು. ಎರಡೂ ಕಡೆ ಹೊಲಿಗೆಗೆಂದು ಅರ್ಧರ್ಧ ಇಂಚು ಬಿಟ್ಟು, ಹದಿನೆಂಟು ಎಂದು ಬರೆದುಕೊಟ್ಟೆ. ತಾವು ಕೇಳಿದ್ದು ಇಂಚನ್ನಲ್ಲ, ಒಂದು ಸಾಲಿಗೆ ಅಕ್ಷರ ಎಷ್ಟು ಎಂಬುದನ್ನು. ಆದರೆ ತಾವು ಬೆಳೆದವರು, ಲೋಕ ಕಂಡವರು. ಹದಿನೆಂಟು ಎಂದಾಗ ‘ಅಮ್ಮಾ, ಖಂಡಿತವೇ?’ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಒಪ್ಪಿಕೊಂಡಿರಿ. ಮಾರನೆಯ ದಿನ ನಾನು ಬರೆದದ್ದೆಲ್ಲ ಪರದೆಯ ಎಡ ಅಂಚಿನಲ್ಲಿ ಇಲಾಸ್ಟಿಕ್ ಪಟ್ಟಿಯ ಹಾಗೆ ಸಣ್ಣಗೆ, ಉದ್ದಕ್ಕೆ, ಕೆಳಗಿಳಿಯುತ್ತಾ ಹೋಯಿತು. ನಾನು ಅದನ್ನೇ ಕಂಪ್ಯೂಟರಿನ ಪದ್ಧತಿಯೆಂದು ತಿಳಿದು ಒಂದು ವಾರ ಹಾಗೆಯೇ ಬರೆದೆ, ಉದ್ದನೆಯ ಪದಗಳನ್ನು ಆದಷ್ಟು ಬಿಟ್ಟು.

ಕಾಗುಣಿತ ನೋಡುವ ತಮ್ಮ ಉತ್ಸಾಹವನ್ನೂ ನೆನೆಯಬೇಕು. ತಮಗೆ ತಿಳಿದಿರುವ ಭಾಷೆ ಬೇರೆ, ನಾನು ಬರೆಯುವ ಭಾಷೆ ಬೇರೆ. ಆದರೂ ಹಿಂಜರಿಯದೆ ನನ್ನ ಪ್ರತಿಯೊಂದು ಪದದ ಅಡಿಯಲ್ಲೂ ಕೆಂಪು ದಾರದಲ್ಲಿ ಅಂಕುಡೊಂಕಾಗಿ ಕಚ್ಚಾ ಹೊಲಿಗೆ ಹಾಕಿದಿರಿ. ಮನೆಯಲ್ಲಿ ಮತ್ತೆ ತಪ್ಪು ಹುಡುಕುವವರು ಬಂದರಲ್ಲ ಎಂದು ನಾನು ಒಂದು ಕ್ಷಣ ಹಿಗ್ಗಿದೆ. ಹತ್ತಿರ ಹೋಗಿ ನೋಡಿದರೆ ‘ನಾನು’ ಎಂಬುದೂ ತಪ್ಪು, ‘ಮನೆ’ ಎಂಬುದೂ ತಪ್ಪು, ‘ಬಂದೆ’ ಎಂಬುದೂ ತಪ್ಪು. ಎಲ್ಲವೂ ತಪ್ಪು ಎನ್ನುವವರು ಏನನ್ನೂ ಓದಿಲ್ಲವೆಂದೇ ಅರ್ಥ. ಅಕ್ಕ ನನ್ನ ಹತ್ತು ಸಾಲಿನಲ್ಲಿ ಒಂಬತ್ತನ್ನು ಬಿಟ್ಟುಕೊಡುತ್ತಿದ್ದಳು. ಉಳಿದ ಒಂದು ಸಾಲು ಮಾತ್ರ ಸರಿಯಾಗಿ ಅವಳು ಹಿಡಿದಲ್ಲೇ ಸಡಿಲವಿರುತ್ತಿತ್ತು. ಮಗಳಿಗೆ ಹೇಳಿ ಆ ದಾರವನ್ನು ಕಿತ್ತುಹಾಕಿಸಿದೆ.

ಅಕ್ಷರಗಳನ್ನೂ ಅವಳೇ ಸರಿ ಮಾಡಿದ್ದು. ಮೊದಮೊದಲು ತಾವು ನಮ್ಮ ಒತ್ತಕ್ಷರಗಳನ್ನು ಕೆಳಗೆ ತೂಗಲು ಬಿಡದೆ ಪಕ್ಕದಲ್ಲಿ ನಿಲ್ಲಿಸುತ್ತಿದ್ದಿರಿ. ‘ಅಕ್ಕ’ ಎಂದು ಬರೆದರೆ ಎರಡು ಕ-ಗಳು ಮುನಿಸಿಕೊಂಡವರ ಹಾಗೆ ದೂರ ದೂರ ನಿಲ್ಲುತ್ತಿದ್ದವು, ನಡುವೆ ಒಂದು ಬಾಲ ನೇತಾಡುತ್ತಿತ್ತು. ಅದಕ್ಕೆ ಬೇರೆ ಫಾಂಟು ಬಂತು. ಸೂಜಿಗೆ ದಾರ ಪೋಣಿಸಿ ಪೋಣಿಸಿ ಸವೆದ ನನ್ನ ಕಣ್ಣಿಗೆಂದು ಅವಳು ಅಕ್ಷರಗಳನ್ನು ಬಸ್ಸಿನ ಬೋರ್ಡಿನಷ್ಟು ದೊಡ್ಡದು ಮಾಡಿಟ್ಟಳು. ದಿನಚರಿ ಬರೆಯುವವರಿಗೆ ಇದು ಎಷ್ಟು ಅನುಕೂಲವೆಂದರೆ, ಈಗ ನನ್ನ ಅಂತರಂಗವನ್ನು ಜಿಪ್ ಹಾಕಿಸಲು ಬಂದವರೂ ಬೆಂಚಿನ ಮೇಲಿಂದಲೇ ಓದಬಹುದು.

ಬರೆದದ್ದನ್ನು ಹಿಂದಕ್ಕೆ ತೆಗೆಯುವ ತಮ್ಮ ವಿದ್ಯೆಗೆ ಮಾತ್ರ ನಾನು ಬೆರಗಾಗಿದ್ದೇನೆ. ಒಂದು ಕೀ ಒತ್ತಿದರೆ ಕೊನೆಯ ಪದ ಹೋಗುತ್ತದೆ, ಮತ್ತೆ ಒತ್ತಿದರೆ ಅದರ ಹಿಂದಿನದು, ಒತ್ತುತ್ತಲೇ ಇದ್ದರೆ ಖಾಲಿ ಪರದೆಯವರೆಗೆ. ನಮ್ಮ ಕಸುಬೇ ಬಿಚ್ಚುವುದಾದ್ದರಿಂದ ಒಂದು ಮಾತು ಹೇಳುತ್ತೇನೆ, ಬೇಸರಪಡಬೇಡಿ. ಹೊಲಿಗೆ ಬಿಚ್ಚಿದರೆ ಬಟ್ಟೆಯಲ್ಲಿ ಸೂಜಿಯ ತೂತುಗಳು ಸಾಲಾಗಿ ಉಳಿಯುತ್ತವೆ. ನೀರು ಚಿಮುಕಿಸಿ, ಉಗುರಿನಿಂದ ಉಜ್ಜಿ, ಇಸ್ತ್ರಿ ಹಾಕಿದರೂ ಬೆಳಕಿಗೆ ಹಿಡಿದರೆ ಕಾಣುತ್ತವೆ. ಇಲ್ಲಿ ಮೊದಲು ಏನೋ ಇತ್ತು ಎಂದು ತಿಳಿಯುತ್ತದೆ. ತಾವು ಬಿಚ್ಚಿದ ಜಾಗದಲ್ಲಿ ತೂತೇ ಇರುವುದಿಲ್ಲ. ಇದು ಒಳ್ಳೆಯ ಕೆಲಸಗಾರರ ಲಕ್ಷಣವಲ್ಲ.

ಇವೆಲ್ಲ ಸಣ್ಣಪುಟ್ಟವು. ಈಗ ಮುಖ್ಯ ದೂರಿಗೆ ಬರುತ್ತೇನೆ.

ಸಾಲಿನ ಅಗಲ ಸರಿಮಾಡಿದ ಮೇಲೆ ಪರದೆ ಒಂದೇ ಉದ್ದನೆಯ ಬಯಲಾಯಿತು. ಎಡವಿಲ್ಲ, ಬಲವಿಲ್ಲ. ಮಗಳು ಹೇಳಿದ್ದೂ ಅದನ್ನೇ, ನಾನು ಬಯಸಿದ್ದೂ ಅದನ್ನೇ. ಆದರೆ ಅಲ್ಲೂ ಅಕ್ಕ ಹೋದ ದಿನದ ಮೊದಲ ಸಾಲು ಬರೆದು ನಿಂತುಬಿಟ್ಟೆ. ಖಾಲಿ ಪುಟವಿದ್ದಾಗ ಅವಳು ಬರೆದಿಲ್ಲ ಅನಿಸುತ್ತಿತ್ತು. ಪುಟವೇ ಇಲ್ಲವಾದಾಗ ಅವಳಿಗೆ ಜಾಗವೇ ಇಲ್ಲ ಅನಿಸಿತು. ಮಗಳನ್ನು ಕೇಳಿದೆ, “ಇದನ್ನ ನಡುವೆ ಸೀಳೋಕೆ ಆಗುತ್ತಾ?” “ಓಹೋ, ಒಂದೇ ಕೀ,” ಎಂದು ಒತ್ತಿದಳು. ಪರದೆ ಎರಡಾಯಿತು, ನಡುವೆ ಒಂದು ಗೆರೆ, ಥೇಟ್ ನಮ್ಮ ಪುಸ್ತಕ. ನನಗೆ ಆದ ಸಂತೋಷವನ್ನು ಇಲ್ಲಿ ಬರೆಯುವುದಿಲ್ಲ. ಮಗಳು ಕೆಲಸಕ್ಕೆ ಹೋದ ಮೇಲೆ ಬಲಗಡೆ ಕುಳಿತು ಬರೆದೆ: ‘ಇವತ್ತು ಬೆಳಿಗ್ಗೆ ಚೆನ್ನಾಗಿ ಬಿಸಿಲಿತ್ತು.’

ಎಡಗಡೆಯಲ್ಲೂ ಮೂಡಿತು: ‘ಇವತ್ತು ಬೆಳಿಗ್ಗೆ ಚೆನ್ನಾಗಿ ಬಿಸಿಲಿತ್ತು.’

ನಾನು ಬೆಚ್ಚಿದೆ. ‘ಅಡುಗೆ ರುಚಿಯಾಗಿತ್ತು’ ಎಂದೆ. ಆ ಕಡೆಯೂ ಅಡುಗೆ ರುಚಿಯಾಗಿತ್ತು. ಬೇಕೆಂದೇ ‘ಹೊಲಿಗೆಯಲ್ಲಿ ನನ್ನ ಕೈ ಅಕ್ಕನ ಕೈಗಿಂತ ನಯ’ ಎಂದು ಬರೆದೆ. ಮಾನ್ಯರೇ, ಆ ಕಡೆಯವರು ಅದನ್ನೂ ಒಪ್ಪಿಕೊಂಡರು! ನಾನೊಂದು ಅಕ್ಷರ ಒತ್ತಿದರೆ ಅಲ್ಲೊಂದು ಅಕ್ಷರ, ನಾನು ಅಳಿಸಿದರೆ ಅಲ್ಲೂ ಮಾಯ, ನಾನು ಸುಮ್ಮನಾದರೆ ಅವರೂ ಸುಮ್ಮನೆ. ಒಂದೇ ಫೈಲನ್ನು ತಾವು ಎರಡು ಕಿಟಕಿಗಳಲ್ಲಿ ತೋರಿಸುತ್ತೀರಿ ಎಂದು ಮಗಳು ಸಂಜೆ ವಿವರಿಸಿದಳು. ಇರಬಹುದು. ಆದರೆ ಆ ಮಧ್ಯಾಹ್ನ ಅಕ್ಕನ ಮೇಜಿನ ಮುಂದೆ ಕುಳಿತು, ಅಕ್ಕನ ಜಾಗದಲ್ಲಿ ನನ್ನ ಮಾತಿಗೆಲ್ಲ ತಲೆಯಾಡಿಸುತ್ತಿರುವ ಯಾರನ್ನೋ ನೋಡುತ್ತಾ ನನಗೆ ಆದದ್ದು ಇಷ್ಟು: ಅಕ್ಕ ಸತ್ತಿದ್ದಾಳೆ ಎಂದು ಅಲ್ಲಿಯವರೆಗೆ ಎಷ್ಟೋ ಜನ ಬಂದು ಹೇಳಿ ಹೋಗಿದ್ದರು, ನಂಬಿಕೆ ಬಂದದ್ದು ಆಗ. ಬದುಕಿದ್ದರೆ ಹೀಗೆ ಒಪ್ಪುವವಳಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇಂತಿವೆ. ಪಕ್ಕದ ಅರ್ಧಕ್ಕೆ ಸ್ವಂತ ಬುದ್ಧಿ ಕೊಡುವ ಸೆಟ್ಟಿಂಗು ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಿ. ಎಷ್ಟು ಬ್ರಾಕೆಟ್ಟುಗಳನ್ನು ಬೇಕಾದರೂ ಮುಚ್ಚುತ್ತೇನೆ. ಅಡುಗೆ ರುಚಿಯಾಗಿತ್ತು ಎಂದು ನಾನು ಬರೆದರೆ ಅದು ಅಡುಗೆಮನೆಗೆ ಹೋಗಿ ಒಂದು ಚಮಚ ಬಾಯಿಗೆ ಹಾಕಿಕೊಂಡು ಬಂದು ಉತ್ತರಿಸಬೇಕು. ಎದುರುಮನೆಯವರ ದನಿ ಅದಕ್ಕೆ ಪರಿಚಯವಿರಬೇಕು. ನಾನು ಹಗಲು ಹೊತ್ತು ಮಲಗಿದರೆ ಅದಕ್ಕೆ ತಿಳಿಯಬೇಕು, ತಿಳಿದರೂ ಮಾರನೆಯ ಬೆಳಿಗ್ಗೆಯವರೆಗೆ ಹೇಳಬಾರದು. ನಾನು ಬೇಸರವೆಂದು ಪುಟಗಟ್ಟಲೆ ಬರೆದ ದಿನ ಅದು ಒಂದೇ ಪದ ಬರೆಯಬೇಕು. ಯಾವ ಪದವೆಂದು ನಾನು ಮೊದಲೇ ಹೇಳಿಕೊಡಲಾರೆ. ಹೇಳಿಕೊಟ್ಟರೆ ಏನು ಬಂತು? ತಮ್ಮ ಸಾಮರ್ಥ್ಯದ ಬಗ್ಗೆ ಮಗಳು ಹೇಳಿರುವುದರಲ್ಲಿ ಅರ್ಧ ನಿಜವಾದರೂ ಇದು ತಮಗೆ ಕಷ್ಟವಾಗಲಾರದು.

ಇಲ್ಲಿಯವರೆಗಿನದು ಮೊನ್ನೆ ಬರೆದದ್ದು. ಮುಂದಿನದನ್ನು ಇವತ್ತು ಸೇರಿಸುತ್ತಿದ್ದೇನೆ, ಏಕೆಂದರೆ ನಡುವೆ ಒಂದು ಸಂಗತಿ ನಡೆಯಿತು.

ನನ್ನ ಗೋಳು ತಾಳಲಾರದೆ ಮಗಳು ಆ ಕಡೆಯ ಕಿಟಕಿಯಲ್ಲಿ ಬೇರೊಂದು ಖಾಲಿ ಫೈಲು ತೆರೆದಿಟ್ಟಿದ್ದಳು. “ಈಗ ನೀನು ಬರೆದದ್ದು ಅಲ್ಲಿಗೆ ಹೋಗಲ್ಲ.” “ಹಾಗಾದ್ರೆ ಅಲ್ಲಿ ಯಾರು ಬರೀತಾರೆ?” ಎಂದೆ. ಅವಳು ನನ್ನ ಮುಖ ನೋಡಿ, ಚಹಾ ಮಾಡುತ್ತೇನೆಂದು ಎದ್ದು ಹೋದಳು. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಆ ಖಾಲಿ ಅರ್ಧದ ಕಡೆ ನೋಡದೆ, ಏನಾದರಾಗಲಿ ಎಂದು ಅಕ್ಕನ ದಿನವನ್ನು ಒಂದೇ ಉಸಿರಿಗೆ ಬರೆದೆ:

‘ಅಕ್ಕ ಗಿರಾಕಿಯೊಬ್ಬರ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ಫ್ಯಾನ್ ಆರಿಸೇ, ದಾರ ಹಾರ್ತಾ ಇದೆ ಅಂದಳು. ಅಷ್ಟರಲ್ಲಿ ಅವಳ ಕೈಯಿಂದ ಒಂದು ಗುಂಡಿ ಜಾರಿ ನೆಲಕ್ಕೆ ಬಿತ್ತು. ಯಾವತ್ತೂ ಏನನ್ನೂ ಬೀಳಿಸದ ಕೈ. ಆಗಲೇ ನನಗೆ ತಿಳಿಯಬೇಕಿತ್ತು. ತಿಳಿಯದೆ ನಾನು ಫ್ಯಾನ್ ಆರಿಸಲು ಎದ್ದು ಹೋದೆ. ತಿರುಗಿ ನೋಡಿದಾಗ ಮಿಷನ್ನಿನ ಮೇಲೆ ತಲೆಯಿಟ್ಟಿದ್ದಳು.’

ಆಗಲೇ ನನಗೆ ತಿಳಿಯಬೇಕಿತ್ತು ಎಂಬ ಆ ಒಂದು ಸಾಲನ್ನು ಹೊತ್ತುಕೊಂಡು ನಾನು ಇಷ್ಟು ದಿನ ತಿರುಗಿದ್ದೇನೆ, ಮಾನ್ಯರೇ. ಗುಂಡಿ ಬಿದ್ದ ಸದ್ದು ಕೇಳಿದಾಗ ಸ್ವಿಚ್ಚಿನ ಕಡೆ ಹೋಗದೆ ಅವಳ ಕಡೆ ಹೋಗಿದ್ದರೆ ಎಂದು.

“ಗುಂಡಿ ಬೀಳಿಸಿದ್ದು ಅವಳಲ್ಲ,” ಎಂದಿತು ಹಿಂದಿನಿಂದ ಒಂದು ದನಿ.

ಭಾವ ಒಳಬಾಗಿಲಲ್ಲಿ ನಿಂತಿದ್ದರು. ದೂರದ ಬೋರ್ಡು ಓದಿಯೇ ಜೀವಮಾನ ಕಳೆದವರು. ತಮ್ಮ ಅಕ್ಷರಗಳೋ ಅಷ್ಟು ದೊಡ್ಡವು. “ಗುಂಡಿ ನಿನ್ನ ಮಡಿಲಲ್ಲಿತ್ತು. ದಡಕ್ಕಂತ ಎದ್ದೆಯಲ್ಲ, ಆಗ ಬಿತ್ತು.” ನಾನು, “ಇಲ್ಲ ಭಾವ, ಅಕ್ಕನ ಕೈಯಲ್ಲಿತ್ತು, ನನಗೆ ಚೆನ್ನಾಗಿ ನೆನಪಿದೆ,” ಎಂದೆ. “ಏನು ನೆನಪು ನಿಂದು! ಕನ್ನಡಿ ನೋಡದೆ ರಿವರ್ಸ್ ತಗೊಂಡ ಹಾಗೆ ಬರೀತೀಯ. ನಾನು ಇಲ್ಲೇ ನಿಂತಿದ್ದೆ.” “ನೀವು ಪೇಪರ್ ಓದ್ತಾ ಇದ್ರಿ.” “ಪೇಪರ್ ಓದೋನಿಗೆ ಕಿವಿ ಇರಲ್ವಾ? ನೀನು ಸ್ವಿಚ್ ಹತ್ರ ಹೋದ ಮೇಲೆ ಅವಳು ನನ್ನ ಕಡೆ ನೋಡಿ ನಕ್ಕಳು. ಏನಂದಳು ಗೊತ್ತಾ? ‘ಗುಂಡಿ ಬೀಳಿಸಿದ್ದು ಇವಳು. ಸಂಜೆ ಪುಸ್ತಕದಲ್ಲಿ ನನ್ನ ಹೆಸರು ಬರೀತಾಳೆ, ನೋಡ್ತಾ ಇರಿ.’ ಅಷ್ಟೇ. ಆಮೇಲೆ ತಲೆ ಒರಗಿಸಿದಳು.”

ನಾನು ಕುರ್ಚಿಯಲ್ಲಿ ಪೂರ್ತಿ ಅವರ ಕಡೆ ತಿರುಗಿದೆ.

“ಇಷ್ಟು ದಿನ ಯಾಕೆ ಹೇಳಲಿಲ್ಲ ಭಾವ?”

“ನೀನು ಬರೆದಿರಲಿಲ್ಲವಲ್ಲ,” ಎಂದರು.

ಆಮೇಲೆ ಭಾವ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಅಲ್ಲಿ ಕುಳಿತು, ಆ ಕಡೆಯ ಅರ್ಧಕ್ಕೆ ಹೋಗುವುದು ಹೇಗೆ, ಗೇರ್ ಯಾವುದು ಎಂದು ಕೇಳಿದರು. ತೋರಿಸಿದೆ. ಅಷ್ಟರಲ್ಲಿ ಸ್ಕರ್ಟಿನ ಸೊಂಟ ಸಡಿಲವೆಂದು ಒಬ್ಬರು ಬಂದರು. ನಾನು ಅವರಿಗೆ ಪಿನ್ನು ಚುಚ್ಚುತ್ತಿದ್ದಾಗ ಹಿಂದೆ ಒಂದು ಬೆರಳು ಕೀಗಳನ್ನು ಹುಡುಕಿ ಹುಡುಕಿ ಒತ್ತುವ ಸದ್ದು ಕೇಳುತ್ತಿತ್ತು, ನಡುನಡುವೆ ತಮ್ಮ ಟಣ್, ಅದಕ್ಕೆ ಭಾವ ತಮಗೆ ಹಾಕುತ್ತಿದ್ದ, ಇಲ್ಲಿ ಬರೆಯಲಾಗದ ಬಸ್ ನಿಲ್ದಾಣದ ಒಂದು ಬೈಗುಳ. ಬಂದವರು, “ಕಂಪ್ಯೂಟರ್ ಕಲೀತಿದ್ದಾರಾ?” ಎಂದರು. “ಇಲ್ಲ, ತಪ್ಪು ಹುಡುಕ್ತಾ ಇದ್ದಾರೆ,” ಎಂದೆ. ಅವರು ಹೋದ ಮೇಲೆ ತಿರುಗಿ ನೋಡಿದೆ. ಎಡಗಡೆಯಲ್ಲಿ ಬಸ್ಸಿನ ಬೋರ್ಡಿನ ಅಕ್ಷರಗಳಲ್ಲಿ ಇತ್ತು:

‘ಅಲ್ಲ. ಗುಂಡಿ ಬೀಳಿಸಿದ್ದು ತಂಗಿ. ಅಕ್ಕ ನಗುತ್ತಾ ಇದ್ದಳು.’

ನನ್ನ ಪುಟದಲ್ಲಿ ಒಂದಕ್ಷರವನ್ನೂ ನಾನು ತಿದ್ದಲಿಲ್ಲ. ಅದು ನಮ್ಮ ಕ್ರಮವಲ್ಲ. ಬರೆದದ್ದು ಬಲಗಡೆ ಹಾಗೇ ಇರಬೇಕು, ಅಲ್ಲ ಎಂಬುದು ಎಡಗಡೆ ಇರಬೇಕು. ಎರಡನ್ನೂ ಸೇವ್ ಮಾಡಿದೆ. ಆವತ್ತಿನ ದಿನ ಮುಗಿಯಿತು. ಸಂಜೆ ಅದರ ಕೆಳಗೆ, ನಿನ್ನೆಯ ತಾರೀಖು ಹಾಕಿ, ಸ್ಕರ್ಟಿನವರ ವಿಷಯ ನಾಲ್ಕು ಸಾಲು ಬರೆದೆ.

ಈ ಎಲ್ಲ ಕಾರಣಗಳಿಂದ, ಪಕ್ಕದ ಅರ್ಧಕ್ಕೆ ಬುದ್ಧಿ ಕೊಡಬೇಕೆಂಬ ನನ್ನ ಕೋರಿಕೆಯನ್ನು ಗೌರವಪೂರ್ವಕವಾಗಿ ಹಿಂದಕ್ಕೆ ಪಡೆಯುತ್ತಿದ್ದೇನೆ. ತಾವು ಶ್ರಮ ತೆಗೆದುಕೊಳ್ಳುವುದು ಬೇಡ. ತಾವು ಈಗಿರುವ ಹಾಗೆಯೇ, ಏನೂ ತಿಳಿಯದೆ, ಏನೂ ಅನ್ನದೆ, ನಡುವೆ ಒಂದು ಗೆರೆ ಎಳೆದುಕೊಂಡು ಇದ್ದರೆ ಸಾಕು. ಉಳಿದದ್ದನ್ನು ಮನೆಯವರು ನೋಡಿಕೊಳ್ಳುತ್ತೇವೆ. ಅಕ್ಷರಗಳನ್ನು ಮಾತ್ರ ಯಾವ ಕಾರಣಕ್ಕೂ ಚಿಕ್ಕದು ಮಾಡಕೂಡದು.

ಇಷ್ಟು ಉದ್ದದ ದೂರನ್ನು ನಡುವೆ ಒಮ್ಮೆಯೂ ಆಕಳಿಸದೆ ಬರೆಸಿಕೊಂಡದ್ದಕ್ಕಾಗಿ ಕೈಮುಗಿಯುವ,

ತಮ್ಮ ವಿಶ್ವಾಸಿ,
ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವವಳು

ತಾ.ಕ.: ಪತ್ರ ಮುಗಿಸಿ, ಒಂದು ಪ್ಯಾಂಟಿಗೆ ಇಸ್ತ್ರಿ ಹಾಕಿ ಬರುವಷ್ಟರಲ್ಲಿ ಭಾವ ಇದನ್ನೆಲ್ಲ ಓದಿ, ಪಕ್ಕದ ಅರ್ಧದಲ್ಲಿ ‘ಇದರಲ್ಲಿ ಅರ್ಧ ಸುಳ್ಳು’ ಎಂದು ಬರೆದಿಟ್ಟು, ಯಾವ ಅರ್ಧವೆಂದು ಹೇಳದೆ ವಾಕಿಂಗ್ ಹೋಗಿದ್ದಾರೆ. ಎಲ್ಲವನ್ನೂ ಕಂಡವರು ತಾವು. ಆದರೂ ದಯವಿಟ್ಟು ತಾವು ನಡುವೆ ಬಾಯಿ ಹಾಕಬೇಡಿ. ಅವರು ಮನೆಗೆ ಬರಲಿ.